ಮುಂದಿನವರ ಲೆಕ್ಕಕ್ಕೆ ಬರೆದುಕೊಳ್ಳಿ

2014ರ ಡಿಸೆಂಬರಿನ ಒಂದು ಭಾನುವಾರ, ವಾಷಿಂಗ್ಟನ್ ನಗರದ ಹೊರವಲಯದ ಫುಟ್‌ಬಾಲ್ ಮೈದಾನದಲ್ಲಿ ಟಾಸ್ ಹಾಕುವ ಹೊತ್ತಾಗಿತ್ತು. ಎದುರಾಳಿಗಳಾಗಿ ಬಂದಿದ್ದ ಸೇಂಟ್ ಲೂಯಿಸ್ ರ‍್ಯಾಮ್ಸ್ ಪಾಳಯದಿಂದ ಆರು ಮಂದಿ ಆಟಗಾರರು ಆ ದಿನದ ನಾಯಕರೆಂಬ ಹೆಸರಿನಲ್ಲಿ ಸಾಲಾಗಿ ನಡೆದು ಬಂದು ಮೈದಾನದ ನಡುವೆ ನಿಂತರು. ಆರೂ ಮಂದಿಗಿದ್ದ ನಾಯಕತ್ವದ ಅರ್ಹತೆ ಒಂದೇ: ಎರಡು ವರ್ಷಗಳ ಹಿಂದೆ ರಾಬರ್ಟ್ ಗ್ರಿಫಿನ್ ಎಂಬ, ಚೆಂಡೆಸೆದು ತಂಡವನ್ನು ಆಡಿಸುವ ಒಬ್ಬನೇ ಒಬ್ಬ ಕ್ವಾರ್ಟರ್‌ಬ್ಯಾಕ್‌ಗಾಗಿ ವಾಷಿಂಗ್ಟನ್ ತಂಡವು ರ‍್ಯಾಮ್ಸ್‌ಗೆ ಧಾರೆಯೆರೆದು ಕೊಟ್ಟಿದ್ದ, ಹೊಸ ಆಟಗಾರರನ್ನು ಆರಿಸುವ ಸರದಿಗಳಿಂದ, ಆ ಸರದಿಗಳ ಮರುಮಾರಾಟದಿಂದ, ಅವರೆಲ್ಲರೂ ರ‍್ಯಾಮ್ಸ್ ತಂಡಕ್ಕೆ ದಕ್ಕಿದ್ದರು. ಬೀಗರ ಮನೆಗೆ ಹೋಗಿ, ಅವರೇ ಉಡುಗೊರೆ ಕೊಟ್ಟಿದ್ದ ಬೆಳ್ಳಿ ಲೋಟವನ್ನು ಜೊತೆಗೆ ಒಯ್ದು, ಅದರಲ್ಲೇ ನೀರು ಕೇಳಿ ಕುಡಿದಂತಹ ಈ ಉಪಚಾರವನ್ನು ಏರ್ಪಡಿಸಿದವರು ರ‍್ಯಾಮ್ಸ್ ಕೋಚ್ ಜೆಫ್ ಫಿಶರ್. ಗ್ರಿಫಿನ್ ಅವರು ಅಂದು ಆರಂಭದ ಹನ್ನೊಂದರಲ್ಲಿ ಇರಲಿಲ್ಲ. ಹೆಚ್ಚಿನ ಹೊತ್ತು ಅಂಚಿನಲ್ಲಿ ನಿಂತು ನೋಡಿದರು. ಪಂದ್ಯ 24–0 ಅಂತರದಲ್ಲಿ ಮುಗಿಯಿತು. ಸೊನ್ನೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹೊಸ ಆಟಗಾರರನ್ನು ನಮ್ಮ ಐಪಿಎಲ್‌ನಂತೆ ಹರಾಜು ಕೂಗಿ ಕೊಳ್ಳುವುದಿಲ್ಲ. 32 ತಂಡಗಳು ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಏರ್ಪಾಡಿನಲ್ಲಿ, ಏಳು ಸುತ್ತುಗಳಲ್ಲಿ, ಸರದಿಯ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಹೀನಾಯವಾಗಿ ಸೋತವರಿಗೆ ಮೊದಲ ಸರದಿ, ಗೆದ್ದು ಬೀಗಿದವರಿಗೆ ಕೊನೆಯದು. ಪಂಕ್ತಿಯ ತುದಿಯಲ್ಲಿ ಕುಳಿತವನ ಎಲೆಗೆ ಮೊದಲು ಹೋಳಿಗೆ ಬಡಿಸುವಂತಹ ಈ ಧರ್ಮಬುದ್ಧಿಯ ನಿಯಮವನ್ನು 1935ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್. ಮರುವರ್ಷ ನಡೆದ ಪ್ರಥಮ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಅವರ ತಂಡಕ್ಕೇ ಬಂತೆಂಬುದನ್ನು ಕಾಕತಾಳೀಯವೆಂದೇ ನಂಬೋಣ. ಅವರು ಆರಿಸಿದ್ದು ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್ ಎಂಬ ಖ್ಯಾತನಾಮರನ್ನು. ಅವರು ಕೇಳುವ ಸಂಬಳ ತಮ್ಮಿಂದ ಪೂರೈಸದೆಂದು ಬೆಲ್ ಆ ಹಕ್ಕನ್ನು ಷಿಕಾಗೋ ಬೇರ್ಸ್ ತಂಡದ ಜಾರ್ಜ್ ಹ್ಯಾಲಸ್‌ಗೆ ಸಾಗಿಸಿದರು, ಹ್ಯಾಲಸ್‌ಗೂ ಪೂರೈಸಲಿಲ್ಲ, ಬರ್ವ್ಯಾಂಗರ್ ಫೋಮ್ ರಬ್ಬರ್ ಮಾರುವ ಕೆಲಸ ಹಿಡಿದರು. ಎನ್‌ಎಫ್‌ಎಲ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಇತಿಹಾಸದ ಮೊಟ್ಟಮೊದಲ ಸರದಿಯೇ ಕೈ ಬದಲಾಯಿಸಿ, ಯಾರ ಕೈಗೂ ಸಿಗದೆ ರಬ್ಬರಿನಂತೆ ಜಾರಿಹೋಯಿತೆಂಬ ಈ ಸಂಗತಿಯಿಂದ ಲೀಗ್ ಏನನ್ನಾದರೂ ಕಲಿತಿದೆಯೇ ಎಂಬುದಕ್ಕೆ ಮುಂದಿನ ಸುಮಾರು ತೊಂಬತ್ತು ವರ್ಷಗಳೇ ಉತ್ತರ.

ಹೋಳಿಗೆಯನ್ನು ತುದಿಯವನ ಎಲೆಗೇ ಮೊದಲು ಬಡಿಸಲಿ, ಆದರೆ ಎಲೆಯನ್ನು ಪಕ್ಕದವನಿಗೆ ಮಾರಲು ಅಡ್ಡಿಯಿಲ್ಲ. ಈ ಸಡಿಲಿಕೆಯೇ ಎಲ್ಲ ವೈಭವದ ಮೂಲ. ಹನ್ನೆರಡನೆಯ ಸರದಿಯ ತಂಡವೊಂದು ಮೂರನೆಯ ಸರದಿಯ ಮೇಲೆ ಕಣ್ಣು ಹಾಕಿದರೆ, ತನ್ನ ಹನ್ನೆರಡನೆಯದನ್ನು ಕೊಟ್ಟು, ಅದರ ಮೇಲೆ ಬರುವ ವರ್ಷದ ಸರದಿಯನ್ನು, ಅದರಾಚೆಯ ವರ್ಷದ ಸರದಿಯನ್ನು, ಅಂದರೆ ಇನ್ನೂ ಕಾಲೇಜಿನ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಹುಡುಗರ ಮೇಲಿನ ಹಕ್ಕನ್ನು ಅಡವಿಟ್ಟು, ಮೇಲೇರಬಹುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನಾವು ನೋಡಿದ್ದೇವೆ. ಹುಟ್ಟದ ಕೂಸಿನ ಕುಲಾವಿಯನ್ನು ಗಿರವಿ ಇಡುವ ವಿದ್ಯೆಗೆ ಮಾತ್ರ ಅಮೆರಿಕಕ್ಕೇ ಹೋಗಬೇಕು.

ಗಿರವಿಯೆಂದ ಮೇಲೆ ದರಪಟ್ಟಿ ಬೇಕು. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಪಾಲುದಾರರಲ್ಲೊಬ್ಬರಾದ, ಎಣ್ಣೆ ಬಾವಿಗಳ ವ್ಯವಹಾರದಲ್ಲಿ ಪಳಗಿದ ಮೈಕ್ ಮೆಕಾಯ್ ಎಂಬವರು ಹಳೆಯ ವಿನಿಮಯಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಸರದಿಗೂ ಅಂಕಿ ಬರೆದರು. ಮೊದಲನೆಯದಕ್ಕೆ 3000, ಎರಡನೆಯದಕ್ಕೆ 2600, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200, ಮೊದಲ ಸುತ್ತಿನ ಕೊನೆಯ 32ನೆಯದಕ್ಕೆ 590. ಆಗಿನ ಕೋಚ್ ಜಿಮ್ಮಿ ಜಾನ್ಸನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ಪಟ್ಟಿಯು ಒಂದೊಂದು ಸರದಿಯಿಂದ ಎಂತಹ ಆಟಗಾರ ಸಿಗುತ್ತಾನೆಂಬುದನ್ನು ಅಳೆದಿರಲಿಲ್ಲ. ಹಿಂದಿನವರು ಎಷ್ಟು ಕೊಟ್ಟಿದ್ದರೆಂಬುದನ್ನಷ್ಟೇ ಅಳೆದಿತ್ತು. ಹಿಂದಿನವರ ತಪ್ಪಿನ ಸರಾಸರಿ ಹೀಗೆ ಮುಂದಿನವರ ನ್ಯಾಯಬೆಲೆಯಾಯಿತು. ಪಟ್ಟಿಯನ್ನು ಬರೆಸಿದವರಂತೂ ಜಾಣರು: 1989ರಲ್ಲಿ ಹರ್ಷಲ್ ವಾಕರ್ ಎಂಬ, ಚೆಂಡು ಹಿಡಿದು ಓಡುವ ಒಬ್ಬ ಓಟಗಾರನನ್ನು ಮಿನೆಸೋಟಾಕ್ಕೆ ಕೊಟ್ಟು, ಪ್ರತಿಯಾಗಿ ಆಟಗಾರರನ್ನೂ ರಾಶಿ ಸರದಿಗಳನ್ನೂ ಬಾಚಿಕೊಂಡು, ಮುಂದಿನ ಕೆಲವೇ ವರ್ಷಗಳಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೂರು ಬಾರಿ ಗೆದ್ದವರು ಅವರು. ಸಂತೆಯಲ್ಲಿ ಮಾರುವವನೇ ತಕ್ಕಡಿಯನ್ನೂ ತಂದರೆ ಅದು ಯಾವ ಕಡೆಗೆ ವಾಲುತ್ತದೆಂದು ಕೇಳುವ ಸೌಜನ್ಯವನ್ನು ಉಳಿದ ತಂಡಗಳು ಬಹುಕಾಲ ತೋರಲಿಲ್ಲ.

ಕೊಳ್ಳುವ ಮುನ್ನ ವರಪರೀಕ್ಷೆ ನಡೆಯುತ್ತದೆ. ಪ್ರತಿವರ್ಷ ಚಳಿಗಾಲದ ಕೊನೆಗೆ ಇಂಡಿಯಾನಾಪೊಲಿಸ್ ನಗರದಲ್ಲಿ ಹುಡುಗರನ್ನು ಕರೆಸಿ, 40 ಗಜ ಓಡಿಸಿ, ನಿಂತಲ್ಲಿಂದಲೇ ನೆಗೆಸಿ, ಎತ್ತರ, ತೂಕ, ತೋಳಿನ ಉದ್ದಗಳನ್ನು ಬರೆದುಕೊಂಡು, ಕೊನೆಗೆ ಅಂಗೈಯನ್ನು ಮೇಜಿನ ಮೇಲೆ ಅಗಲಿಸಿ ಇಡಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆಯುತ್ತಾರೆ. ನಮ್ಮ ಅಜ್ಜಂದಿರು ಅದನ್ನು ಗೇಣು ಎನ್ನುತ್ತಿದ್ದರು, ಅದರಿಂದ ಹಗ್ಗ ಅಳೆಯುತ್ತಿದ್ದರು. ಇವರು ಅದರಿಂದ ಭವಿಷ್ಯ ಅಳೆಯುತ್ತಾರೆ. ಗೇಣಿನಲ್ಲಿ ಅರ್ಧ ಅಂಗುಲ ಕಡಿಮೆಯಾದರೆ ವಾರಗಟ್ಟಲೆ ಟಿವಿಯಲ್ಲಿ ಚರ್ಚೆಯಾಗುತ್ತದೆ. ಮೂವತ್ತಾರು ಗುಣಗಳನ್ನು ಕೂಡಿಸಿದ ಜೋಯಿಸರು ಮದುವೆ ಮುರಿದಾಗ ಊರಿನಲ್ಲಿ ತಲೆ ತಪ್ಪಿಸಿಕೊಂಡು ಓಡಾಡುತ್ತಾರೆ. ಇಲ್ಲಿನ ಜೋಯಿಸರಾದರೋ ಮರುವರ್ಷ ಅದೇ ಟಿವಿಯಲ್ಲಿ, ಅದೇ ಟೈ ಕಟ್ಟಿಕೊಂಡು, ಹೊಸ ಜಾತಕದೊಂದಿಗೆ ಕುಳಿತಿರುತ್ತಾರೆ.

ಮದುವೆಯ ಹೋಲಿಕೆಯನ್ನು ನಾನು ಹೊಸೆದು ತಂದಿಲ್ಲ. 1999ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಕೋಚ್ ಮೈಕ್ ಡಿಟ್ಕಾ ಅವರು ರಿಕಿ ವಿಲಿಯಮ್ಸ್ ಎಂಬ ಓಟಗಾರನಿಗಾಗಿ ಹನ್ನೆರಡರಿಂದ ಐದನೆಯ ಸರದಿಗೆ ಏರಲು ಆ ವರ್ಷ ತಮ್ಮ ಕೈಯಲ್ಲಿ ಉಳಿದಿದ್ದ ಎಲ್ಲ ಸರದಿಗಳನ್ನೂ, ಸಾಲದೆಂದು ಮುಂದಿನ ವರ್ಷದ ಮೊದಲ ಮತ್ತು ಮೂರನೆಯ ಸುತ್ತುಗಳನ್ನೂ, ವಾಷಿಂಗ್ಟನ್ ತಂಡಕ್ಕೆ ಒಪ್ಪಿಸಿದರು. ಇಡೀ ಡ್ರಾಫ್ಟ್‌ನಲ್ಲಿ ಅವರಿಗೆ ದಕ್ಕಿದ್ದು ಒಬ್ಬನೇ. ಅನಂತರ ಅವರಿಬ್ಬರೂ ಒಂದು ಕ್ರೀಡಾ ಪತ್ರಿಕೆಯ ಮುಖಪುಟಕ್ಕೆ ವಧೂವರರಾಗಿ ನಿಂತರು. ಡಿಟ್ಕಾ ಕಪ್ಪು ಸೂಟಿನಲ್ಲಿ, ಅವರ ಪಕ್ಕದಲ್ಲಿ ನೀಳ ಜಡೆಗಳ, ಗೂಳಿಯಂತಹ ಹೆಗಲಿನ ವಿಲಿಯಮ್ಸ್ ಬಿಳಿಯ ಮದುವೆಯ ಗೌನಿನಲ್ಲಿ. ಆ ಚಿತ್ರವನ್ನು ನೋಡಿದವರು ಮರೆಯಲಾರರು. ಮರೆಯಬೇಕೆಂದು ಪ್ರಯತ್ನಿಸಿದವರನ್ನೂ ನಾನು ಬಲ್ಲೆ. ಆ ಸೀಸನ್‌ನಲ್ಲಿ ತಂಡ ಆಡಿದ್ದು 16 ಪಂದ್ಯ, ಗೆದ್ದದ್ದು 3. ವರಮಹಾಶಯರನ್ನು ಕೆಲಸದಿಂದ ತೆಗೆದರು. ಹೀಗೆ ಸೋತು ಸೋತು ಸಂಪಾದಿಸಿದ್ದ 2000ದ ಎರಡನೆಯ ಸರದಿಯು, ಕರಾರಿನ ಪ್ರಕಾರ, ವಾಷಿಂಗ್ಟನ್‌ಗೆ ಸಂದಿತು. ಸರದಿ ಮಾರಿದವರ ಸೋಲೂ ಕೊಂಡವರ ಆಸ್ತಿಯಾಗುವ ಈ ನಾಜೂಕು ಒಪ್ಪಂದವನ್ನು ಮುಂದೆ ಇನ್ನಷ್ಟು ಹತ್ತಿರದಿಂದ ನೋಡಲಿಕ್ಕಿದೆ.

ಏಳು ಮೆಟ್ಟಿಲು ಏರಿದವರನ್ನಾದರೂ ಕ್ಷಮಿಸಬಹುದು, ಒಂದೇ ಮೆಟ್ಟಿಲಿಗೆ ಮನೆ ಮಾರಿದವರಿದ್ದಾರೆ. 1998ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಮೂರರಿಂದ ಎರಡಕ್ಕೆ ಏರಲು ಒಂದು ಎರಡನೆಯ ಸುತ್ತಿನ ಸರದಿ, ಮುಂದಿನ ವರ್ಷದ ಮೊದಲ ಸುತ್ತು ಮತ್ತು ಇಬ್ಬರು ಆಟಗಾರರನ್ನು ಕೊಟ್ಟು ರಯಾನ್ ಲೀಫ್ ಅವರನ್ನು ತಂದಿತು. ಅವರು ತಮ್ಮ ಮೂರನೆಯ ಪಂದ್ಯದಲ್ಲಿ 15 ಬಾರಿ ಚೆಂಡೆಸೆದು, ಒಮ್ಮೆ ಗುರಿ ಮುಟ್ಟಿಸಿ, ಒಟ್ಟು 4 ಗಜ ಸಂಪಾದಿಸಿದರು. 2017ರಲ್ಲಿ ಷಿಕಾಗೋ ಬೇರ್ಸ್ ತಂಡವು ಇದೇ ಮೂರರಿಂದ ಎರಡರ ಯಾತ್ರೆಯನ್ನು ಮೂರು ಹೆಚ್ಚುವರಿ ಸರದಿ ತೆತ್ತು ಮುಗಿಸಿ, ಕಾಲೇಜಿನಲ್ಲಿ 13 ಪಂದ್ಯಗಳಲ್ಲಷ್ಟೇ ಆರಂಭದಿಂದ ಆಡಿದ್ದ ಮಿಚೆಲ್ ಟ್ರುಬಿಸ್ಕಿ ಅವರನ್ನು ಆರಿಸಿತು. ಎರಡನೆಯ ಸರದಿಯನ್ನು ಮಾರಿದ ಸ್ಯಾನ್ ಫ್ರಾನ್ಸಿಸ್ಕೋ ಮೂರರಲ್ಲಿ ಆರಿಸಿಕೊಂಡದ್ದು ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡಹುವ ರಕ್ಷಣಾ ಪಡೆಯ ಆಟಗಾರನನ್ನು! ಅಂದರೆ ಖಾಲಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿಗಾಗಿ, ಮುಂದಿನ ನಿಲ್ದಾಣದಲ್ಲಿ ಇಳಿಯಲಿರುವವನಿಗೆ ಲಂಚ ಕೊಟ್ಟಂತೆ. ಅದೇ ಡ್ರಾಫ್ಟ್‌ನ ಹತ್ತನೆಯ ಸರದಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಇನ್ನೂ ಉಳಿದಿದ್ದರು. ಅವರು ಈವರೆಗೆ ಮೂರು ಸೂಪರ್ ಬೌಲ್ ಗೆದ್ದಿದ್ದಾರೆ. ಸತ್ಯಕ್ಕೆ ಅಪಚಾರವಾಗಬಾರದು: ಅವರನ್ನು ಪಡೆಯಲು ಕ್ಯಾನ್ಸಸ್ ಸಿಟಿಯೂ 27ರಿಂದ ಹತ್ತಕ್ಕೆ ಏರಿಯೇ ಬಂದಿತ್ತು. ಅಂದಿನಿಂದ ಮೇಲೇರುವ ಪ್ರತಿಯೊಬ್ಬ ಜನರಲ್ ಮ್ಯಾನೇಜರರೂ, ಅಂದರೆ ಆಟಗಾರರನ್ನು ತರುವ ಹೊಣೆ ಹೊತ್ತವರೂ, ಮಹೋಮ್ಸ್ ಹೆಸರು ಜಪಿಸುತ್ತಾರೆ. ಲಾಟರಿ ಅಂಗಡಿಯಲ್ಲಿ ಬಂಪರ್ ಹೊಡೆದವನ ಫೋಟೋ ತೂಗುಹಾಕಿರುತ್ತಾರಲ್ಲ, ಅದೇ ಮಾದರಿ. ಹರಿದು ಬಿಸಾಡಿದ ಟಿಕೆಟುಗಳಿಗೆ ಫೋಟೋ ಇರುವುದಿಲ್ಲ.

ಈಗ ಷಾನಹನ್ ಮನೆತನದ ವಿಚಾರಕ್ಕೆ ಬರೋಣ, ಏಕೆಂದರೆ ಈ ಶಾಸ್ತ್ರದಲ್ಲಿ ವಂಶಪಾರಂಪರ್ಯವೆಂಬುದೂ ಇದೆ. 2012ರಲ್ಲಿ ವಾಷಿಂಗ್ಟನ್ ತಂಡವು ಗ್ರಿಫಿನ್‌ಗಾಗಿ ಆರರಿಂದ ಎರಡಕ್ಕೆ ಏರಿದಾಗ ಕೋಚ್ ಆಗಿದ್ದವರು ಮೈಕ್ ಷಾನಹನ್. ಆಕ್ರಮಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಅವರ ಮಗ ಕೈಲ್. ತೆತ್ತ ಬೆಲೆ ಮೂರು ಮೊದಲ ಸುತ್ತುಗಳು ಮತ್ತು ಒಂದು ಎರಡನೆಯ ಸುತ್ತು. ಗ್ರಿಫಿನ್ ಮೊದಲ ವರ್ಷ ನಿಜಕ್ಕೂ ಮಿಂಚಿ, ವರ್ಷದ ಹೊಸ ಆಟಗಾರನ ಪ್ರಶಸ್ತಿ ಪಡೆದು, ಆ ಸೀಸನ್ನಿನ ಕೊನೆಯಲ್ಲೇ ಮಂಡಿ ಮುರಿದುಕೊಂಡರು, ಮತ್ತೆ ಮೊದಲಿನಂತಾಗಲಿಲ್ಲ. ಕ್ರಮೇಣ ಅವರ ಜಾಗಕ್ಕೆ ಬಂದವರು, ಅದೇ ಡ್ರಾಫ್ಟ್‌ನ ನಾಲ್ಕನೆಯ ಸುತ್ತಿನಲ್ಲಿ, 102ನೆಯ ಸರದಿಯಲ್ಲಿ, ಇರಲಿ ಒಬ್ಬ ಎಂದು ವಾಷಿಂಗ್ಟನ್ ತಂಡವೇ ಆರಿಸಿಟ್ಟಿದ್ದ ಕರ್ಕ್ ಕಸಿನ್ಸ್. ತಂದೆಯವರ ಕೆಲಸ 2013ರ ಕೊನೆಗೆ ಹೋಯಿತು. ಮೂರನೆಯ ಕಂತನ್ನು, ಅಂದರೆ 2014ರ ಎರಡನೆಯ ಸರದಿಯನ್ನು, ಅವರ ನಂತರ ಬಂದವರು ಕಟ್ಟಿದರು.

ತಂದೆ ಮಾಡಿದ ಸಾಲವನ್ನು ಮಗ ತೀರಿಸುವುದು ಲೋಕರೂಢಿ. ಇಲ್ಲಿ ಮಗ ಬೇರೆ ಊರಿಗೆ ಹೋಗಿ ಅದೇ ಸಾಲವನ್ನು ಹೊಸದಾಗಿ ಮಾಡಿದರು. ಕೈಲ್ ಷಾನಹನ್ ಅವರು ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದ ಮುಖ್ಯ ಕೋಚ್ ಆಗಿದ್ದಾಗ, 2021ರ ಮಾರ್ಚ್‌ನಲ್ಲಿ, ಆ ತಂಡ ಹನ್ನೆರಡರಿಂದ ಮೂರಕ್ಕೆ ಏರಿತು. ಬೆಲೆ ಮೂರು ಮೊದಲ ಸುತ್ತುಗಳು ಮತ್ತು ಒಂದು ಮೂರನೆಯ ಸುತ್ತು. ತಂದೆಗಿಂತ ಒಂದು ಸುತ್ತಿನಷ್ಟು ಚೌಕಾಶಿ ಬಲ್ಲ ಮಗ! ಆ ಸರದಿಯಲ್ಲಿ ಯಾರನ್ನು ಆರಿಸುವರೆಂಬುದು ಮಾತ್ರ ಒಂದು ತಿಂಗಳ ಕಾಲ ಗುಟ್ಟಾಗಿತ್ತು. ಡ್ರಾಫ್ಟ್‌ಗೆ ಕೆಲವು ದಿನ ಇರುವಾಗ, ತಂಡದ ಹಾಲಿ ಕ್ವಾರ್ಟರ್‌ಬ್ಯಾಕ್ ಭಾನುವಾರದ ಹೊತ್ತಿಗೆ ತಂಡದಲ್ಲಿ ಇರುತ್ತಾರೆಯೇ ಎಂದು ಪತ್ರಕರ್ತರು ಕೇಳಿದರು. ಭಾನುವಾರದ ಹೊತ್ತಿಗೆ ಈ ಲೋಕದಲ್ಲಿ ಯಾರು ಬದುಕಿರುತ್ತಾರೆಂದು ತಾವು ಖಾತರಿ ಕೊಡಲಾರೆವೆಂಬ ಅರ್ಥದ ಉತ್ತರವನ್ನು ಕೋಚ್ ಮಹಾಶಯರು ದಯಪಾಲಿಸಿದರು. ಭಾನುವಾರದ ಬಗ್ಗೆ ಇಷ್ಟು ವೈರಾಗ್ಯವಿದ್ದವರು 2022 ಮತ್ತು 2023ನೆಯ ಇಸವಿಗಳ ಬಗ್ಗೆ ರುಜು ಹಾಕಿ ಬಂದಿದ್ದರು. ಬಹುಶಃ ವೇದಾಂತವೂ ವ್ಯವಹಾರವೂ ಇಷ್ಟು ಚೆನ್ನಾಗಿ ಕೂಡಿದ್ದು ಇನ್ನೆಲ್ಲೂ ಇರಲಾರದು: ನಾಳೆಯೇ ಇಲ್ಲವೆಂದ ಮೇಲೆ ನಾಳಿನ ಸರದಿಯನ್ನು ಇಟ್ಟುಕೊಂಡಾದರೂ ಮಾಡುವುದೇನು?

ಆರಿಸಿದ್ದು ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್ ಅವರನ್ನು. ಸಾಂಟಾ ಕ್ಲಾರಾದ ಆ ತಂಡದ ಮೈದಾನದಿಂದ ಕೂಗಳತೆಯಲ್ಲಿರುವ ಸನಿವೇಲ್‌ನಲ್ಲಿ ನೆಲೆಸಿರುವ, ತಿಪಟೂರಿನ ಕಡೆಯ ನನ್ನ ಸ್ನೇಹಿತರೊಬ್ಬರು ಆ ವಾರವೇ ಅವರ 5ನೆಯ ಸಂಖ್ಯೆಯ ಕೆಂಪು ಜರ್ಸಿ ತರಿಸಿಕೊಂಡು, ಅದನ್ನು ತೊಟ್ಟುಕೊಂಡೇ ಆಫೀಸಿನ ವಿಡಿಯೋ ಮೀಟಿಂಗುಗಳಲ್ಲಿ ಕುಳಿತರು. ಮೂರು ಮೊದಲ ಸುತ್ತುಗಳು ಯಾವ ಲೆಕ್ಕ, ಹತ್ತು ವರ್ಷ ತಂಡಕ್ಕೆ ಚಿಂತೆಯಿಲ್ಲವೆಂದು ನನಗೆ ಪಾಠ ಹೇಳಿದರು. ಲ್ಯಾನ್ಸ್ ಆ ತಂಡಕ್ಕಾಗಿ ಎರಡು ಸೀಸನ್‌ಗಳಲ್ಲಿ ನಾಲ್ಕು ಪಂದ್ಯಗಳಲ್ಲಿ ಆರಂಭದಿಂದ ಕಣಕ್ಕಿಳಿದು, ನಾಲ್ಕನೆಯದರಲ್ಲಿ ಕಣಕಾಲು ಮುರಿದುಕೊಂಡು, 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೆಯ ಸುತ್ತಿನ ಸರದಿಗೆ ಡಲ್ಲಾಸ್‌ಗೆ ಮಾರಾಟವಾದರು. ಆ ವೇಳೆಗೆ ತಂಡವನ್ನು ಆಡಿಸುತ್ತಿದ್ದವರು 2022ರ ಡ್ರಾಫ್ಟ್‌ನ ಕಟ್ಟಕಡೆಯ ಸರದಿಯಾದ 262ರಲ್ಲಿ ಸಿಕ್ಕಿದ್ದ ಬ್ರಾಕ್ ಪರ್ಡಿ. ಕಟ್ಟಕಡೆಗೆ ಆಯ್ಕೆಯಾದವನನ್ನು ಲೀಗ್‌ನಲ್ಲಿ ‘ಮಿಸ್ಟರ್ ಇರ‍್ರೆಲೆವಂಟ್’ ಎಂದು ಕರೆದು ಗೇಲಿಯ ಸನ್ಮಾನ ಮಾಡುವ ಪದ್ಧತಿಯಿದೆ. ಲೆಕ್ಕಕ್ಕಿಲ್ಲದವನು ಎಂದು ಅರ್ಥ. ಲೆಕ್ಕಕ್ಕಿಲ್ಲದ ಪರ್ಡಿಯವರು 2024ರ ಫೆಬ್ರುವರಿಯಲ್ಲಿ ತಂಡವನ್ನು ಸೂಪರ್ ಬೌಲ್‌ವರೆಗೆ ಕೊಂಡೊಯ್ದರು. ಅಪ್ಪನಿಗೆ 102, ಮಗನಿಗೆ 262: ಮನೆದೇವರು ಎರಡು ಸಲವೂ ಕೊನೆಯ ಪಂಕ್ತಿಯಲ್ಲೇ ಬಂದು ಕುಳಿತಿದ್ದ, ಮೊದಲ ಪಂಕ್ತಿಗೆ ಹರಕೆ ಸಂದಾಯವಾಗುತ್ತಿತ್ತು.

ಇನ್ನು ಕ್ಯಾರೊಲೈನಾ ಪ್ಯಾಂಥರ್ಸ್. ಆ ತಂಡದ ಮಾಲೀಕ ಡೇವಿಡ್ ಟೆಪ್ಪರ್ ಅವರು ಹೆಡ್ಜ್ ಫಂಡ್ ನಡೆಸಿ ಸಾವಿರಾರು ಕೋಟಿ ಸಂಪಾದಿಸಿದವರು, ಅಂದರೆ ಮುಂದಿನ ದಿನಗಳ ಬೆಲೆಯನ್ನು ಇಂದೇ ಕಟ್ಟುವುದೇ ಅವರ ಕಸುಬು. 2023ರಲ್ಲಿ ಅವರ ತಂಡವು ಒಂಬತ್ತರಿಂದ ಒಂದಕ್ಕೆ ಏರಲು ಷಿಕಾಗೋ ತಂಡಕ್ಕೆ ಒಂಬತ್ತನೆಯ ಸರದಿ, ಒಂದು ಎರಡನೆಯ ಸುತ್ತು, 2024ರ ಮೊದಲ ಸುತ್ತು, 2025ರ ಎರಡನೆಯ ಸುತ್ತು, ಇವುಗಳ ಜೊತೆಗೆ ತನ್ನ ಅತ್ಯುತ್ತಮ ರಿಸೀವರ್ ಆದ ಡಿ.ಜೆ. ಮೂರ್ ಅವರನ್ನೂ ಕೊಟ್ಟಿತು. ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ತರಲು, ಅವನೆಸೆದ ಚೆಂಡನ್ನು ಹಿಡಿಯಬೇಕಾದವನನ್ನೇ ಕೊಟ್ಟುಬಿಡುವುದು ಎಂತಹ ದೂರದೃಷ್ಟಿಯೆಂದು ನಾನಂತೂ ಬೆರಗಾದೆ. ಮದುಮಗನಿಗೆ ಕುದುರೆ ಬೇಕೆಂದು ಮದುಮಗಳನ್ನು ಮಾರಿದ ಹಾಗೆ. ಬಂದವರು ಅಲಬಾಮಾದ ಬ್ರೈಸ್ ಯಂಗ್. ಎರಡನೆಯ ಸರದಿಯಲ್ಲಿ, ಏರುವ ಗೋಜಿಲ್ಲದೆ, ಹೂಸ್ಟನ್ ತಂಡಕ್ಕೆ ಸಿಕ್ಕ ಸಿ.ಜೆ. ಸ್ಟ್ರೌಡ್ ವರ್ಷದ ಹೊಸ ಆಟಗಾರರಾದರು. ಕ್ಯಾರೊಲೈನಾ 17ರಲ್ಲಿ 2 ಪಂದ್ಯ ಗೆದ್ದಿತು. ಕೋಚ್‌ಗೆ 11 ಪಂದ್ಯ ಮುಗಿಯುತ್ತಲೇ, ಜನರಲ್ ಮ್ಯಾನೇಜರರಿಗೆ ಸೀಸನ್ ಮುಗಿಯುತ್ತಲೇ ಬಾಗಿಲು ತೋರಿಸಲಾಯಿತು.

ಆ ಸೀಸನ್ನಿನ ಸೊಗಸಿರುವುದು ಇಲ್ಲಿ: ಕ್ಯಾರೊಲೈನಾ ಒಂದೊಂದು ಪಂದ್ಯ ಸೋತಂತೆಯೂ 2024ರ ಅದರ ಸರದಿ ಒಂದೊಂದು ಮೆಟ್ಟಿಲು ಮೇಲೇರುತ್ತಿತ್ತು, ಆ ಸರದಿ ಷಿಕಾಗೋದ್ದಾಗಿತ್ತು. ಸಾಧಾರಣವಾಗಿ ಸೋಲುವ ತಂಡದ ಅಭಿಮಾನಿಗೆ ಒಂದು ಸಮಾಧಾನವಿರುತ್ತದೆ, ಹೋಗಲಿ, ಮುಂದಿನ ವರ್ಷ ಮೊದಲ ಸರದಿ ಸಿಗುತ್ತದಲ್ಲ ಎಂದು. ಕ್ಯಾರೊಲೈನಾದವರಿಗೆ ಆ ಸಮಾಧಾನವನ್ನೂ ಉಳಿಸಿರಲಿಲ್ಲ. ಲೀಗ್‌ನಲ್ಲೇ ಅತ್ಯಂತ ಹೀನಾಯವಾಗಿ ಸೋತು ಸಂಪಾದಿಸಿದ 2024ರ ಮೊದಲ ಸರದಿಯನ್ನು ಅವರು ತಟ್ಟೆಯಲ್ಲಿಟ್ಟು ಷಿಕಾಗೋಗೆ ಕಳುಹಿಸಿದರು. ಅದರಲ್ಲಿ ಷಿಕಾಗೋ ಆರಿಸಿದ್ದು ಕೇಲಬ್ ವಿಲಿಯಮ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. ಒಂದನೆಯ ಸರದಿಯನ್ನು ಕೊಳ್ಳಲು ತೆತ್ತ ಬೆಲೆಯೇ ಇನ್ನೊಂದು ಒಂದನೆಯ ಸರದಿ! ಹಳೆಯ ಲೆಕ್ಕದ ಮೇಷ್ಟರ ಕೈಗೆ ಈ ವ್ಯವಹಾರ ಸಿಕ್ಕಿದ್ದರೆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ‘ತಂದೆಯವರನ್ನು ಕರೆದುಕೊಂಡು ಬಾ’ ಎಂದು ಬರೆಯುತ್ತಿದ್ದರು.

ಲೆಕ್ಕದ ಮೇಷ್ಟರು ಇಲ್ಲವೆಂದಲ್ಲ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು, ಇವರಲ್ಲಿ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ, ಡ್ರಾಫ್ಟ್‌ನ ಹಲವು ವರ್ಷಗಳ ದಾಖಲೆಗಳನ್ನು ಜಾಲಾಡಿದರು. ಒಬ್ಬ ಆಟಗಾರನು ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ ಶೇಕಡ 52 ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮಿದರೆ 50 ಪುಕ್ಕಟೆಯಾಗಿ ಬರುತ್ತದೆ. ಉಳಿದ ಎರಡಕ್ಕಾಗಿ ಇಷ್ಟೆಲ್ಲ ಗೇಣಳತೆ, ಓಟ, ನೆಗೆತ, ಗಿರವಿ. ಇನ್ನೊಂದು ಲೆಕ್ಕ ಇದಕ್ಕಿಂತ ಖಾರವಾಗಿದೆ. ಇಂದಿನ ಸರದಿಗಾಗಿ ನಾಳಿನ ಸರದಿಯನ್ನು ಕೊಡುವಾಗ ತಂಡಗಳು ಒಪ್ಪಿಕೊಳ್ಳುವ ದರವನ್ನು ಬಡ್ಡಿಯ ಭಾಷೆಗೆ ಇಳಿಸಿದರೆ ಅದು ವರ್ಷಕ್ಕೆ ಶೇಕಡ 136ರಷ್ಟಾಗುತ್ತದೆ. ನಮ್ಮ ಪೇಟೆಗಳಲ್ಲಿ ಮೀಟರ್ ಬಡ್ಡಿಗೆ ಸಾಲ ಕೊಡುವವರ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ಅಲ್ಲಿ ಅದೇ ಬಡ್ಡಿಗೆ ಸಾಲ ತೆಗೆದವರು ವೇದಿಕೆಯ ಮೇಲೆ ಟೋಪಿ ಹಾಕಿಸಿಕೊಳ್ಳುತ್ತಾರೆ.

ಸಾಲ ತೆಗೆಯುವವರು ಮೂರ್ಖರೆಂದು ಮಾತ್ರ ತಿಳಿಯಬಾರದು. ಜನರಲ್ ಮ್ಯಾನೇಜರರ ಸ್ಥಾನದಲ್ಲಿ ಕುಳಿತು ನೋಡಿ: ತಂಡ ಮೂರು ವರ್ಷಗಳಿಂದ ಸೋಲುತ್ತಿದೆ, ಮಾಲೀಕರ ಮುಖ ಬಿಗಿದಿದೆ, ಕುರ್ಚಿ ಅಲುಗುತ್ತಿದೆ. ಇರುವ ಸರದಿಯಲ್ಲೇ ಒಬ್ಬ ಗಟ್ಟಿ ರಕ್ಷಣಾ ಆಟಗಾರನನ್ನು ಆರಿಸಿದರೆ ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಮೇಲೇರಿ ಕ್ವಾರ್ಟರ್‌ಬ್ಯಾಕ್‌ನನ್ನು ತಂದರೆ ಮುಖಪುಟ, ಸೀಸನ್ ಟಿಕೆಟು, ಜರ್ಸಿ ಮಾರಾಟ, ಮುಖ್ಯವಾಗಿ ‘ಹುಡುಗ ಪಳಗಲು ಸಮಯ ಬೇಕು’ ಎಂಬ ಮಾತಿನ ಬಲದ ಮೇಲೆ ಕನಿಷ್ಠ ಎರಡು ವರ್ಷಗಳ ಜೀವದಾನ. ಗೆದ್ದರೆ ಪ್ರತಿಮೆ. ಸೋತರೆ ಹೇಗೂ ಕೆಲಸ ಹೋಗುತ್ತದೆ. ಆಮೇಲೆ ಬರುವ ಖಾಲಿ ಡ್ರಾಫ್ಟ್‌ಗಳು ಆಮೇಲೆ ಬರುವವರಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಯಲ್ಲಿ ದುಡ್ಡು ಯಾರದೆಂಬುದು ಅಸ್ಪಷ್ಟವಾಗಿದೆ. ಇಲ್ಲಿ ಅದು ಸ್ಪಷ್ಟ: ಉತ್ತರಾಧಿಕಾರಿಯದು.

ಕಳೆದ ಚಳಿಗಾಲದಲ್ಲಿ ಸನಿವೇಲ್‌ನ ಆ ಸ್ನೇಹಿತರ ಮನೆಗೆ ಹೋಗಿದ್ದೆ. ಊರಿನಿಂದ ಬಂದಿದ್ದ ಅವರ ತಾಯಿಯವರು ಅಡುಗೆಮನೆಯ ಒಲೆಯ ಪಕ್ಕದಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಒಂದು ಕೆಂಪು ಬಟ್ಟೆಯನ್ನು ಬಿಗಿಯಾಗಿ ಸುತ್ತಿಟ್ಟಿದ್ದರು. ಗಂಟಿನ ಕೆಳಗಿನಿಂದ ಬಿಳಿಯ 5 ಅರ್ಧ ಇಣುಕುತ್ತಿತ್ತು. ಈ ಊರಿನ ಚಳಿಗೆ ಹಿಟ್ಟು ಹುಳಿ ಬರುವುದೇ ಇಲ್ಲ, ಬೀರುವಿನ ಮೂಲೆಯಲ್ಲಿ ಈ ಅಂಗಿ ಸುಮ್ಮನೆ ಬಿದ್ದಿತ್ತು, ಬಟ್ಟೆ ಗಟ್ಟಿಯಾಗಿದೆ ನೋಡಪ್ಪ ಎಂದರು. ತಟ್ಟೆ ಸರಿಸಿ ನೋಡಿದೆ, ಹಿಟ್ಟು ಚೆನ್ನಾಗಿ ಉಬ್ಬಿತ್ತು. ಸ್ನೇಹಿತರು ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು, ಈ ಸಲದ ಡ್ರಾಫ್ಟ್‌ನಲ್ಲಿ ನಮ್ಮವರು ಮೇಲೇರಿದರೆ ಯಾರನ್ನು ತರಬಹುದೆಂದು ಪಟ್ಟಿ ಮಾಡುತ್ತಿದ್ದರು. ಮುಂದಿನ ವರ್ಷದ ಮೊದಲ ಸುತ್ತನ್ನು ಕೊಟ್ಟರೆ ಸಾಕಂತೆ. ತಾಯಿಯವರು ಕಾವಲಿಗೆ ಎಣ್ಣೆ ಸವರುತ್ತ, “ಇನ್ನೊಂದು ಅಂಗಿ ತರುವುದಾದರೆ ತರಲಿ, ಇಡ್ಲಿ ಹಿಟ್ಟಿಗೂ ಒಂದು ಬೇಕಾಗಿತ್ತು” ಎಂದರು.